ಕಂಡಕ್ಟರ್ ಕಾಕಾನ ಎಡಗೈ

ಸ್ಪಿರಿಟ್ಟಿನ ವಾಸನೆ ನನ್ನ ಮೂಗಿಗೆ ಹತ್ತುವುದು ನಿಂತು ಎಷ್ಟೋ ವರ್ಷಗಳಾದವು. ದಿನಾ ಸೂಜಿ ಚುಚ್ಚುವವಳಿಗೆ ಅದು ಮನೆಯ ಒಗ್ಗರಣೆಯ ವಾಸನೆ ಇದ್ದ ಹಾಗೆ, ಬೇರೆಯವರು ಹೇಳಿದರೇ ಗೊತ್ತಾಗಬೇಕು. ಆದರೆ ಹೋದ ಸೋಮವಾರ ಒಬ್ಬ ಅಜ್ಜಿ ಬಂದಿದ್ದರು. ತೋಳಿನಿಂದ ಮುಂಗೈವರೆಗೆ ಅಲ್ಲಲ್ಲಿ ಮೂರು ಮೂರು ಗೆರೆ ವಿಭೂತಿ. ಸೂಜಿ ಹಾಕುವ ಜಾಗ ಒರೆಸೋಣವೆಂದು ಸ್ಪಿರಿಟ್ಟಿನ ಹತ್ತಿ ಒತ್ತಿದೆ. ವಿಭೂತಿ ನೆನೆದು, ಸ್ಪಿರಿಟ್ಟಿನೊಡನೆ ಕೂಡಿ, ಬೇರೆಯದೇ ಒಂದು ವಾಸನೆ ಎದ್ದಿತು... ತಣ್ಣಗೆ, ಮಣ್ಣು ಮಣ್ಣಾಗಿ. ನನ್ನ ಕೈ ಹಾಗೇ ನಿಂತಿತು.

"ಯಾಕ್ರಿ ಬಾಯಾರ, ಏನಾತು?" ಎಂದರು ಅಜ್ಜಿ. ಡಾಕ್ಟರಮ್ಮನಿಗೆ ಈ ಕಡೆ ಬಾಯಾರ ಎನ್ನುವುದು ರೂಢಿ.

"ಏನಿಲ್ಲ ಬಿಡ್ರಿ," ಎಂದೆ. ಏನಿಲ್ಲದೆ ಏನು! ಕಂಡಕ್ಟರ್ ಕಾಕಾ ನೆನಪಾಗಿದ್ದರು.

ಆಗ ನಾನು ಕುಂದಗೋಳದಲ್ಲಿ ಹೊಸದಾಗಿ ಒಂದು ಕೋಣೆ ಹಿಡಿದಿದ್ದೆ. ಧಾರವಾಡದಿಂದ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ ಬರುತ್ತಿದ್ದೆ. ಓದಿದ್ದು ಪ್ರಕೃತಿ ಚಿಕಿತ್ಸೆ, ಕೈ ಪಳಗಿದ್ದು ಎಲೆಕ್ಟ್ರೋ ಅಕ್ಯುಪಂಕ್ಚರಿನಲ್ಲಿ. ಅಂದರೆ, ಕೂದಲೆಳೆಯಂಥ ಸೂಜಿಗಳನ್ನು ಹಾಕಿ, ಅವಕ್ಕೆ ಪುಟ್ಟ ಕ್ಲಿಪ್ಪು ಸಿಗಿಸಿ, ಬ್ಯಾಟರಿಯ ಡಬ್ಬಿಯಿಂದ ಹಗುರವಾದ ಕರೆಂಟು ಹಾಯಿಸುವುದು. ಲಕ್ವಾ ಹೊಡೆದು ಸೋತ ಕೈಕಾಲಿನ ಸ್ನಾಯುಗಳು ಆ ಕರೆಂಟಿಗೆ ಮಿಡಿಯುತ್ತವೆ. ಮಿಡಿತ ಇರುವಾಗಲೇ ರೋಗಿ ತಾನೂ ಮನಸ್ಸಿಟ್ಟು ಕೈ ಆಡಿಸಬೇಕು. ಆಗ ಮೆದುಳಿಗೆ ಮರೆತ ದಾರಿ ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು. ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಜನರಿಗೆ ಕರೆಂಟಿನ ಮೇಲೆ ಇದ್ದ ನಂಬಿಕೆ ನೋಡಬೇಕು! ಸೋತ ಕೈಯನ್ನು ನನ್ನ ಮುಂದಿಟ್ಟು, ಮೊಬೈಲು ಚಾರ್ಜಿಗೆ ಹಚ್ಚಿದವರ ಹಾಗೆ ಆಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು.

ಕಾಕಾ ಬಂದದ್ದು ಬಸ್ಸಿನಲ್ಲಿ. ಬಸ್ಸಿನಲ್ಲಿ ಎಲ್ಲರೂ ಬರುತ್ತಾರೆ, ಆದರೆ ಇವರ ಬಸ್ಸು ಬಂದು ನಿಂತದ್ದು ನನ್ನ ಬಾಗಿಲ ಮುಂದೆಯೇ. ಅಲ್ಲಿ ಸ್ಟಾಪ್ ಇರಲಿಲ್ಲ. ಡ್ರೈವರೇ ಇಳಿದು ಬಂದು, ಕಾಕಾನ ಸೊಸೆಯ ಜೊತೆ ಕೂಡಿ ಅವರನ್ನು ತೋಳು ಹಿಡಿದು ಇಳಿಸಿದ. ಒಳಗೆ ಕೂತವರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ "ಹುಷಾರ್ರಿ ಕಾಕಾ, ಹುಷಾರ್" ಎನ್ನುತ್ತಿದ್ದರು. ಮೂವತ್ತು ವರ್ಷ ಆ ಭಾಗದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವರು, ಊರು ಯರಗುಪ್ಪಿ. ನಿವೃತ್ತಿಯಾಗಿ ಎಂಟು ವರ್ಷ ಕಳೆದಿದ್ದರೂ ಜನರಿಗೆ ಅವರು ಕಂಡಕ್ಟರ್ ಕಾಕಾನೇ. ಬಾಯಿ ಒಂದಿಷ್ಟು ಸೊಟ್ಟಗಾಗಿತ್ತು, ಎಡಗಾಲು ಎಳೆಯುತ್ತಿತ್ತು, ಎಡಗೈ ಎದೆಗೆ ಅಂಟಿಕೊಂಡು ಮುಷ್ಟಿ ಬಿಗಿದಿತ್ತು. ಲಕ್ವಾ ಹೊಡೆದು ನಾಲ್ಕು ತಿಂಗಳಾಗಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಜೀವಕ್ಕೆ ಭಯವಿಲ್ಲ, ಗುಳಿಗೆ ಬಿಡಬೇಡಿ, ಇನ್ನು ವ್ಯಾಯಾಮ ಮಾಡಿಸಿ ಎಂದು ಮನೆಗೆ ಕಳಿಸಿದ್ದರು.

ಆ ಮುಷ್ಟಿಯ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಅದು ತಿಳಿದದ್ದು ಭಾಳ ತಡವಾಗಿ, ಓದುವವರಿಗಾದರೂ ಮೊದಲೇ ಗೊತ್ತಿರಲಿ. ಕಾಕಾನದು ಲಿಂಗಪೂಜೆಯ ಮನೆತನ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದಿನಾ ಮುಂಜಾನೆ ಜಳಕ ಮಾಡಿ ಆ ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಿ, ದಿಟ್ಟಿಸಿ ನೋಡುತ್ತ ಕೂಡಬೇಕು. ಊಟ ಆಮೇಲೆ. ಐವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ದಿನ ತಪ್ಪದೆ ನಡೆದ ಪೂಜೆ ಅದು. ಈಗ ಆ ಅಂಗೈ ಮುಚ್ಚಿಹೋಗಿತ್ತು. ಕಾಕಾಗೆ ಬೇಕಾಗಿದ್ದದ್ದು ಅದು ತೆರೆಯುವುದು, ಮತ್ತೇನೂ ಅಲ್ಲ.

ನಾನೋ, ಎಡಗೈ ತಾಕಿದರೆ ಮಡಿ ಹೋಯಿತು ಎನ್ನುವ ಮನೆಯಲ್ಲಿ ಬೆಳೆದವಳು. ಹೂ ಏರಿಸಲು ಬಲಗೈ, ತೀರ್ಥಕ್ಕೆ ಬಲಗೈ, ಎಡಗೈ ಏನಿದ್ದರೂ ಹಿತ್ತಲ ಕಡೆಯ ಕೆಲಸಕ್ಕೆ. ಲಿಂಗಪೂಜೆ ನೋಡಿರಲಿಲ್ಲ ಎಂದಲ್ಲ. ಧಾರವಾಡದಲ್ಲಿ ಹುಟ್ಟಿ ನೋಡದೆ ಇರಲಾಗುತ್ತದೆಯೇ? ಗೆಳತಿಯರ ಮನೆಯಲ್ಲಿ ಎಷ್ಟೋ ಸಲ ನೋಡಿದ್ದೆ. ಆದರೆ ರೋಗಿಯ ಕೈ ಮುಂದೆ ಬಂದಾಗ ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಾರ್ಡಿನಲ್ಲಿ 'ರೂಢಿಯ ಕೈ ಬಲ, ಸೋತ ಕೈ ಎಡ' ಎಂದು ಬರೆದುಕೊಂಡು, ಸದ್ಯ ಬಚಾವಾದರು ಎಂದುಕೊಂಡೆ.

ಮೊದಲ ದಿನವೇ ನಮ್ಮಿಬ್ಬರ ಜಗಳ. ಅವರ ಜುಬ್ಬಾದ ಕಿಸೆಯಲ್ಲಿ ಒಂದು ರಬ್ಬರ್ ಚೆಂಡಿತ್ತು. ಮನೆಯಲ್ಲಿ ಇನ್ನೂ ನಾಲ್ಕಿದ್ದವಂತೆ. ನೋಡಲು ಬಂದ ಬೀಗರು, ನೆರೆಯವರು, ಹಳೆಯ ಡ್ರೈವರುಗಳು ಬಾಳೆಹಣ್ಣಿನ ಬದಲು ಚೆಂಡು ತಂದಿದ್ದರು. ಲಕ್ವಾ ಹೊಡೆದ ಕೈಗೆ ಚೆಂಡು ಹಿಚುಕಬೇಕು ಎಂಬುದು ನಮ್ಮ ಕಡೆ ಊರಿಗೆಲ್ಲ ಗೊತ್ತಿರುವ ಔಷಧ.

"ದಿನಕ್ಕ ಸಾವಿರ ಸಲ ಹಿಚಕತೇನ್ರಿ ಬಾಯಾರ. ಒಂದ ಕಮ್ಮಿ ಇಲ್ಲ," ಎಂದರು ಕಾಕಾ ಹೆಮ್ಮೆಯಿಂದ.

"ಅದಕ್ಕ ಕೈ ಹಿಂಗಾಗೇದ. ಮುಚ್ಚೋದು ಅದಕ್ಕ ಮೊದಲ ಬರ್ತದ, ತೆರಿಯೋದು ಮರತು ಕೂತದ. ನೀವು ಮುಚ್ಚೋದನ್ನ ದಿನಾ ಸಾವಿರ ಸಲ ಕಲಿಸಿಕೋತ ಕೂತೀರಿ!"

ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗು ತಡೆಯಲೋ ಗಾಬರಿಗೋ ತಿಳಿಯಲಿಲ್ಲ. ಕಾಕಾ ಚೆಂಡನ್ನು ನೋಡಿದರು, ನನ್ನನ್ನು ನೋಡಿದರು.

"ಅಂದ್ರ, ನಾಕ ತಿಂಗಳ ನಾ ಉಲ್ಟಾ ರೂಟಿನ್ಯಾಗ ಹೊಂಟಿದ್ದೆ ಅಂತೀರಿ."

"ಹೌದ್ರಿ."

"ಹಂಗಾದ್ರ ಹೊಳ್ಳಸ್ರಿ ಗಾಡಿ," ಎಂದು ಕೈಯನ್ನು ಮೇಜಿನ ಮೇಲೆ ಎತ್ತಿಟ್ಟರು. ಆ ಚೆಂಡು ಎಷ್ಟೋ ದಿನ ನನ್ನ ಕಪಾಟಿನಲ್ಲಿ ಉಳಿದಿತ್ತು.

ಮುಂಗೈಯ ಮೇಲ್ಭಾಗದಲ್ಲಿ, ಬೆರಳುಗಳನ್ನು ಎತ್ತುವ ಸ್ನಾಯುಗಳಿರುವ ಕಡೆ ಸೂಜಿ ಹಾಕಿದೆ. ಕ್ಲಿಪ್ಪು ಸಿಗಿಸಿದೆ. ಕರೆಂಟು ಏರಿಸುವಾಗ ರೋಗಿ ಹೇಳಬೇಕು, ಸಾಕೋ ಇನ್ನಷ್ಟೋ ಎಂದು. ಕಾಕಾಗೆ ಅದನ್ನು ಹೇಳಿಕೊಡುವುದು ಬೇಕಾಗಲೇ ಇಲ್ಲ. ಗುಂಡಿ ತಿರುವಿದೆ. "ರೈಟ್," ಎಂದರು. ಇನ್ನೊಂಚೂರು. "ರೈಟ್, ರೈಟ್..." ಇನ್ನೂ ಸ್ವಲ್ಪ. "ಹೋಲ್ಡಾನ್!" ಕೋಣೆಯಲ್ಲಿ ಕಾಯುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಎಲ್ಲ ರೋಗಿಗಳದೂ ಅದೇ ಭಾಷೆಯಾಯಿತು. ಹೆಣ್ಣುಮಕ್ಕಳು ಕೂಡ ನಾಚದೆ ಹೋಲ್ಡಾನ್ ಎನ್ನತೊಡಗಿದರು.

ಮೊದಲು ಮಣಿಕಟ್ಟು ಕುಣಿಯಿತು. ಆಮೇಲೆ ನಡುಬೆರಳು, ಉಂಗುರದ ಬೆರಳು. ಕರೆಂಟು ಬಂದಾಗಲೆಲ್ಲ ಬೆರಳುಗಳು ಮೆಲ್ಲಗೆ ಎದ್ದು ಬಿಚ್ಚಿಕೊಂಡವು, ಬಿಟ್ಟಾಗ ಮಡಚಿಕೊಂಡವು. ನಾಲ್ಕು ತಿಂಗಳ ಮೇಲೆ ಒಳಗಿನ ಅಂಗೈ ಪೂರ್ತಿಯಾಗಿ ಕಂಡಿತು. ಬೆವರಿ ಬಿಳುಚಿದ ಚರ್ಮ, ಉಗುರು ಊರಿದ ನಾಲ್ಕು ಗಾಯದ ಗುರುತು. ಸೊಸೆ ಹಸಿ ಬಟ್ಟೆಯಿಂದ ಒರೆಸಿದಳು. ಕಾಕಾ ಆ ಅಂಗೈಯನ್ನೇ ನೋಡುತ್ತ ಕೂತರು. ರೆಪ್ಪೆ ಹೊಡೆಯಲಿಲ್ಲ, ಕಣ್ಣಂಚಿನಲ್ಲಿ ನೀರು ನಿಂತಿತ್ತು. ನಾನು, ದಡ್ಡಿ, ಅವರು ನನ್ನ ಮಶೀನಿನ ಚಮತ್ಕಾರ ನೋಡಿ ಬೆರಗಾಗಿದ್ದಾರೆ ಎಂದು ತಿಳಿದೆ.

ಎರಡು ತಿಂಗಳು ಕಳೆಯಿತು. ಕಾಲು ಬೇಗ ಸುಧಾರಿಸಿತು. ಮೊದಲು ಇಬ್ಬರು ಹಿಡಿಯಬೇಕಿತ್ತು, ಆಮೇಲೆ ಸೊಸೆಯೊಬ್ಬಳೇ, ಆಮೇಲೆ ಒಂದು ಕೋಲು. ಒಂದು ಗುರುವಾರ ಬಸ್ಸಿನ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಇಳಿದರು. ಒಳಗಿದ್ದ ಜನ ಚಪ್ಪಾಳೆ ತಟ್ಟಿದರು. ಖುಷಿಗೆ ನನಗೆ ನೆಲ ಕಾಣಲಿಲ್ಲ. ಹೊಸದಾಗಿ ಬೋರ್ಡು ಹಾಕಿದವಳು, ಹೆಸರು ಬರಬೇಕಲ್ಲ! ಕೈ ಮಾತ್ರ ಕರೆಂಟು ಇರುವಷ್ಟು ಹೊತ್ತು ತೆರೆದು, ತೆಗೆದೊಡನೆ ಮುಚ್ಚಿಕೊಳ್ಳುತ್ತಿತ್ತು. ಅಂಗೈಯನ್ನು ಮೇಜಿಗೆ ಬೋರಲು ಹಾಕಿಸಿ ಬೆರಳು ಎತ್ತಿಸುವ ಅಭ್ಯಾಸ ಮಾಡಿಸುತ್ತಿದ್ದೆ. ಪುಸ್ತಕದಲ್ಲಿದ್ದದ್ದು ಹಾಗೆ.

ಅವತ್ತು ಆ ಖುಷಿಯಲ್ಲಿ ಬಾಯಿ ಬಿಟ್ಟೆ. "ಇನ್ನ ಚಿಂತಿ ಬಿಡ್ರಿ ಕಾಕಾ. ಕಾಲು ಬಂತು, ಅದು ಮುಖ್ಯ. ಎಡಗೈ ಹಿಂದ ಬಿದ್ರೂ ನಡೀತದ. ಊಟಕ್ಕ, ಸಹಿಗೆ, ಎಲ್ಲಾದಕ್ಕೂ ಬಲಗೈ ಅದಲ್ಲ. ಎಡಗೈಲೆ ಅಂಥಾದ್ದೇನು ಆಗಬೇಕಾಗೇದ ನಿಮಗ?"

ಕಾಕಾ ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಸೊಸೆ ನೆಲ ನೋಡಿದಳು. ನಾನು ಮುಂದಿನ ರೋಗಿಯನ್ನು ಕರೆದೆ. ಆ ಮಾತು ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮುಂದಿನ ಸೋಮವಾರ ಅವರು ಬರಲಿಲ್ಲ. ಗುರುವಾರವೂ ಇಲ್ಲ. ಮತ್ತೊಂದು ಸೋಮವಾರವೂ ಹಾಗೇ ಹೋಯಿತು. ಕಾಲು ಬಂತು, ಇನ್ನು ಸೂಜಿ ಬಾಯಾರ ಹಂಗು ಯಾಕೆ ಎಂದುಕೊಂಡಿರಬೇಕು ಎಂದು ನನಗೆ ಸಿಟ್ಟು. ಫೋನ್ ಹಚ್ಚಿದರೆ ಸೊಸೆ, "ಬರಾಂಗಿಲ್ಲ ಅಂತಾರ್ರಿ," ಎಂದಳು. ದನಿ ಇಳಿಸಿ, "ನೀವ ಒಮ್ಮೆ ಬಂದ ಹೋಗ್ರಿ ಬಾಯಾರ. ಊಟ ಸೈತ ಬರೋಬರಿ ಮಾಡವಲ್ರು," ಎಂದಳು. ಮರುದಿನ ಬೆಳಿಗ್ಗೆ ಯರಗುಪ್ಪಿಯ ಬಸ್ಸು ಹತ್ತಿದೆ.

ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹೆಂಗಸರು ಆಗಲೇ ಸಾಲು ಹಿಡಿದಿದ್ದರು. ಮನೆ ಹುಡುಕುವ ತೊಂದರೆಯೇ ಆಗಲಿಲ್ಲ, ಕಂಡಕ್ಟರೇ ಬಾಗಿಲು ತೋರಿಸಿದ. ಕಾಕಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗಲ್ಲ ಒಳಗೆ ಹೋಗಿತ್ತು. ನನ್ನನ್ನು ನೋಡಿ "ಬರ್ರಿ, ಕುಂಡ್ರಿ," ಎಂದರು, ಅಷ್ಟೇ. ಸೊಸೆ ನನ್ನನ್ನು ಅಡಿಗೆಮನೆಗೆ ಕರೆದಳು.

"ಮುಂಜಾನಿ ಗುಳಿಗಿ ಸಲುವಾಗಿ ಒಂದ ಕಪ್ ಚಾ ಕುಡಿತಾರ್ರಿ. ಹೊತ್ತ ಮುಳುಗಿದ ಮ್ಯಾಲ ಒಂದ ರೊಟ್ಟಿ. ಲಕ್ವಾ ಹೊಡದಾಗಿಂದ ಹಿಂಗ ನಡದೈತ್ರಿ. ಸ್ಕ್ಯಾನ್ ಮಾಡೂವಾಗ ಕೊಳ್ಳಾಗಿನ ಲಿಂಗ ತೆಗಸಿದ್ರು. ಅದನ್ನ ನನ್ನ ಸೆರಗಿನ್ಯಾಗ ಗಂಟ ಕಟ್ಟಿಕೊಂಡು ನಿಂತಿದ್ದೆ. ಎಚ್ಚರಾದ ಕೂಡ್ಲೇ ಮೊದಲ ಕೇಳಿದ್ದ ಅದನ್ನ. ಕೊಳ್ಳಿಗೆ ಹಾಕಿದ್ವಿ, ಕೈಯಾಗ ಹಿಡ್ಯಾಕ ಬರವಲ್ತು. ಮಠದ ಅಯ್ಯಾರು ಬಂದು, ಜಡ್ಡಿನ್ಯಾಗ ಮಣಿ ಮ್ಯಾಲ ಇಟ್ಟ ಪೂಜಿ ಮಾಡಿದ್ರ ನಡಿತೈತಿ ಅಂತ ಹೇಳಿ ಹ್ವಾದ್ರು. ಇವ್ರು ಕೇಳಂಗಿಲ್ರಿ. ಪೂಜಿ ಮುರದೈತಿ, ಹೊಟ್ಟಿ ತುಂಬ ಉಣ್ಣಾಕ ನನಗ ಹಕ್ಕಿಲ್ಲ ಅಂತಾರ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು."

ಆರು ತಿಂಗಳು! ಖಾಲಿ ಹೊಟ್ಟೆಯಲ್ಲಿ ಬಿಪಿ ಗುಳಿಗೆ, ಅದರ ಮೇಲೆ ನನ್ನ ವ್ಯಾಯಾಮ. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು, ನನ್ನ ಕೆಟ್ಟ ಚಾಳಿ ಅದು. ಪಡಸಾಲೆಗೆ ಬಂದು ಕೂಗಾಡಿದೆ.

"ತಲಿ ತಿರುಗಿ ಬಿದ್ದು ಇನ್ನೊಂದು ಏನರ ಆಗಿದ್ರ ಏನ್ ಮಾಡೋರಿದ್ರಿ ಕಾಕಾ? ನನಗೊಂದು ಮಾತು ಹೇಳಬಾರದಾಗಿತ್ತೇನು?"

ಕಾಕಾ ಶಾಂತವಾಗಿ ನನ್ನನ್ನು ನೋಡಿದರು. "ನೀವು ಕೇಳಿದ್ರ್ಯಾ?" ಎಂದರು. "ಕಾಲಿಂದ ಕೇಳಿದ್ರಿ. ನಿದ್ದಿ ಕೇಳಿದ್ರಿ. ಸಂಡಾಸ ಕೇಳಿದ್ರಿ. ಈ ಕೈಲೆ ಏನ ಮಾಡತಿದ್ದಿ ಅಂತ ಒಂದ ದಿನ ಕೇಳಿದ್ರ್ಯಾ?"

ಅವರ ಎದುರಿಗೆ ನೆಲದ ಮೇಲೆಯೇ ಕೂತೆ. ಕಾಕಾ ಆ ಮುಷ್ಟಿಯನ್ನು ಬಲಗೈಯಿಂದ ಸವರುತ್ತ, ನಿಧಾನಕ್ಕೆ, ತಡೆತಡೆದು ಹೇಳಿದರು.

"ಸಾಯಾಕ ನಾ ಅಂಜಂಗಿಲ್ರಿ ಬಾಯಾರ. ನಮ್ಮಲ್ಲಿ ಕೂಡಿಸಿ ಮಣ್ಣ ಮಾಡ್ತಾರ. ಕುಣ್ಯಾಗ ಕೂಡಿಸಿ, ಎಡಗೈಯಾಗ ಲಿಂಗ ಇಡ್ತಾರ. ಈ ಕೈ ಹಿಂಗ ಉಳೀತಂದ್ರ, ನನ್ನ ಮಗ ಕುಣ್ಯಾಗ ಇಳದು ಒಂದೊಂದ ಬೆರಳ ಎಳದು ಬಿಡಸಬೇಕಾಕ್ಕೈತಿ. ಮುರದ್ರೂ ಮುರದಾವು. ಹೆತ್ತ ತಂದಿ ಬೆರಳ ಮುರಿಯೂ ಕೆಲಸ ಮಗನಿಗೆ ಇಟ್ಟ ಹೋಗಬಾರದ್ರಿ ನಾ... ಅದೊಂದ ನನಗ ನಿದ್ದಿ ಕೊಡವಲ್ತು."

ಒಳಗೆ ಸೊಸೆ ಬಿಕ್ಕಿದ್ದು ಕೇಳಿಸಿತು. "ತಪ್ಪಾತು ಕಾಕಾ," ಎಂದೆ. ಡಾಕ್ಟರು ಎಂದು ಅನಿಸಿಕೊಂಡ ಮೇಲೆ ಆ ಮಾತು ನಾನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಕರಾರು ಹಾಕಿದೆ. ಮುಂಜಾನೆ ಹೊಟ್ಟೆತುಂಬ ಉಂಡು ಬಂದರೆ ಸೂಜಿ, ಇಲ್ಲದಿದ್ದರೆ ಇಲ್ಲ. ಅಲ್ಲಿಯತನಕ ಅಯ್ಯನವರು ಹೇಳಿದಂತೆ ಮಣೆಯ ಮೇಲೆ ಪೂಜೆ. ಕಾಕಾ ಕೊರಳ ಕರಡಿಗೆ ಮುಟ್ಟಿಕೊಂಡರು.

"ಆತು. ಆದ್ರ ಇದು ಬರೇ ಪಾಸ್ ಇದ್ದಂಗ್ರಿ, ಟೆಂಪರರಿ. ಮುದ್ದತ್ ಮುಗಿಯೂದ್ರಾಗ ಕೈ ಕೊಡಬೇಕ ನೀವು."

"ಪ್ರಯತ್ನ ಕೊಡ್ತೀನಿ. ಕೈ ನೀವ ತರಬೇಕು," ಎಂದೆ.

ಅಲ್ಲಿಂದ ಎಲ್ಲ ಬದಲಾಯಿತು. ಇಷ್ಟು ದಿನ ನಾನು ಬೋರಲು ಕೈಗೆ ಪಾಠ ಹೇಳುತ್ತಿದ್ದೆ. ಲಿಂಗ ಹಿಡಿಯಲು ಬೇಕಾದದ್ದು ಅಂಗಾತ ಕೈ. ಮುಂಗೈ ಹೊರಳಿ ಅಂಗೈ ಆಕಾಶ ನೋಡಬೇ‌ಕು, ಬೆರಳು ಬಿಚ್ಚಬೇಕು, ನಡುಗದೆ ನಿಲ್ಲಬೇಕು. ಲಕ್ವಾ ಹೊಡೆದ ಕೈಗೆ ಇದು ಕಷ್ಟದಲ್ಲಿ ಕಷ್ಟ. ಸೂಜಿಯ ಜಾಗ ಬದಲಿಸಿದೆ. ಮೊಣಕೈ ಕೆಳಗೆ ಮೆತ್ತನೆಯ ದಿಂಬು ಕೊಟ್ಟೆ. ನನ್ನ ಹಿರಿಯ ಗುರುಗಳಿಗೆ ಫೋನ್ ಮಾಡಿ ಕೇಳಿಕೊಂಡೆ. ಲಿಂಗವನ್ನೇ ಇಟ್ಟು ಅಭ್ಯಾಸ ಮಾಡೋಣವೇ ಎಂದರೆ ಕಾಕಾ ಹೌಹಾರಿದರು, "ಅದೇನ ಆಟದ ಸಾಮಾನೇನ್ರಿ?" ಸೊಸೆ ಚೀಲದಿಂದ ಒಂದು ಲಿಂಬೆಹಣ್ಣು ತೆಗೆದುಕೊಟ್ಟಳು.

ಲಿಂಬೆಹಣ್ಣು ಅಂದರೆ ಅಂಗೈ ಒಂದು ಕೂದಲಷ್ಟು ವಾಲಿದರೂ ಉರುಳುತ್ತಿತ್ತು. ಕರೆಂಟು ಹಾಯುವಾಗ ಇಡುವುದು, ಬೀಳುವುದು, ಮತ್ತೆ ಇಡುವುದು. ಮಂಚದ ಕೆಳಗೆ, ಕಪಾಟಿನ ಹಿಂದೆ, ಒಮ್ಮೆ ಬಾಗಿಲು ದಾಟಿ ರಸ್ತೆಗೇ ಹೋಯಿತು. ಕಾಯುತ್ತ ಕೂತವರೇ ಹೆಕ್ಕಿ ತಂದುಕೊಡುತ್ತಿದ್ದರು. ಎಷ್ಟು ಹೊತ್ತು ನಿಂತಿತು ಎಂದು ನಾನು ಗಡಿಯಾರ ನೋಡುತ್ತಿದ್ದೆ. ಕಾಕಾಗೆ ಗಡಿಯಾರ ಸೇರಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲಿ ಕುಂದಗೋಳ ಬಸ್‌ಸ್ಟ್ಯಾಂಡಿನಿಂದ ಗಾಡಿ ಬಿಡುತ್ತಿದ್ದರು. "ಆಸ್ಪತ್ರಿ ಸ್ಟಾಪ್... ಹತ್ತಿ ಮಿಲ್ಲು... ಹಳ್ಳದ ಸೇತುವಿ..." ಎಂದು ಮೆಲ್ಲಗೆ ಹೇಳುತ್ತಿದ್ದರು. ಒಂದೊಂದು ಸ್ಟಾಪಿನಲ್ಲಿ ಯಾರು ಇಳಿಯುತ್ತಾರೆ, ಯಾರು ಹತ್ತುತ್ತಾರೆ ಎಂಬುದೂ ಬರುತ್ತಿತ್ತು. ಹಣ್ಣು ಬಿದ್ದಲ್ಲಿಗೆ ಗಾಡಿ ನಿಲ್ಲುತ್ತಿತ್ತು. ಮೊದಲ ತಿಂಗಳು ಬಸ್ಸು ಸ್ಟ್ಯಾಂಡು ಬಿಟ್ಟೇ ಹೊರಡಲಿಲ್ಲ.

ಆಮೇಲೆ ಹತ್ತಿ ಮಿಲ್ಲಿನತನಕ ಬಂತು. ಕರೆಂಟು ತೆಗೆದ ಮೇಲೂ ಎರಡು ಸ್ಟಾಪು ನಿಲ್ಲತೊಡಗಿತು. ಅಷ್ಟರಲ್ಲಿ ಜ್ವರ ಬಂದು ಕಾಕಾ ಮೂರು ವಾರ ಮಲಗಿದರು. ಎದ್ದು ಬಂದಾಗ ಮುಷ್ಟಿ ಮತ್ತೆ ಮೊದಲಿನಂತೆ ಬಿಗಿದಿತ್ತು. ಸುಳ್ಳು ಯಾಕೆ ಹೇಳಲಿ, ನಾನು ಮನಸ್ಸಿನಲ್ಲೇ ಕೈಚೆಲ್ಲಿದ್ದೆ. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಸೂಜಿಯ ಡಬ್ಬಿ ಆಕಡೆ ಈಕಡೆ ಸರಿಸುತ್ತ ನಿಂತೆ. ಕಾಕಾಗೆ ತಿಳಿಯಿತು. ಮೂವತ್ತು ವರ್ಷ ಜನರ ಮುಖ ನೋಡಿದವರು.

"ಗಾಡಿ ಬಂದ್ ಬಿದ್ರ ಕಂಡಕ್ಟರ್ ಪ್ಯಾಸೆಂಜರ್‌ನ ಬಿಟ್ಟ ಮನಿಗೆ ಹೊಕ್ಕಾನೇನ್ರಿ? ಬಾಜೂಕ ಕುಂತಿರತಾನ, ಮೆಕ್ಯಾನಿಕ್ ಬರೂತನ," ಎಂದರು. "ಹಚ್ರಿ ಕ್ಲಿಪ್ಪು. ಸ್ಟ್ಯಾಂಡಿನಿಂದ ಬಿಡೂಣು."

ಹಚ್ಚಿದೆ. ಮತ್ತೆ ಬಸ್‌ಸ್ಟ್ಯಾಂಡು, ಮತ್ತೆ ಆಸ್ಪತ್ರೆ ಸ್ಟಾಪು. ಆದರೆ ಈ ಸಲ ಅಷ್ಟು ದಿನ ಹಿಡಿಯಲಿಲ್ಲ. ಕೈಗೆ ಏನೋ ನೆನಪು ಉಳಿದಿತ್ತು. ಮನೆಯಲ್ಲಿ ಸೊಸೆ ದಿನಾ ಎರಡು ಹೊತ್ತು ಬಿಸಿನೀರಿನ ಬಟ್ಟೆ ಸುತ್ತಿ, ಬೆರಳು ಬಿಡಿಸಿ, ಹಣ್ಣು ಇಡುತ್ತಿದ್ದಳು. ಆಕೆಯ ಪಾಲು ನನ್ನ ಪಾಲಿಗಿಂತ ದೊಡ್ಡದು, ಇದನ್ನು ಎಲ್ಲರ ಎದುರಿಗೂ ಹೇಳುತ್ತೇನೆ. ನನ್ನ ಹತ್ತಿರ ಬರತೊಡಗಿದ ಏಳನೆಯ ತಿಂಗಳು ಒಂದು ಸೋಮವಾರ, ಕರೆಂಟು ಇಲ್ಲದೆ, ಸೂಜಿ ಇಲ್ಲದೆ, ದಿಂಬಿನ ಮೇಲೆ ಕೈ ಇಟ್ಟುಕೊಂಡು ಕಾಕಾ ಗಾಡಿ ಬಿಟ್ಟರು. ಹಳ್ಳದ ಸೇತುವೆ ದಾಟಿತು. ಬೆರಳು ಸಣ್ಣಗೆ ನಡುಗುತ್ತಿದ್ದವು. ಹಣ್ಣು ಮಿಸುಕಿತು, ಮತ್ತೆ ನಿಂತಿತು...

"ಯರಗುಪ್ಪಿ," ಎಂದು ಕಣ್ಣು ತೆರೆದರು ಕಾಕಾ. "ಇಳೀರಿ ಎಲ್ಲಾರೂ."

ಅಯ್ಯೋ, ಆ ಗದ್ದಲ! ನಡೆಯಲು ಬಾರದವರೂ ಎದ್ದು ನಿಂತಿದ್ದರು. ನಾನಂತೂ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಬುಧವಾರ ಮುಂಜಾನೆ ಸೊಸೆಯ ಫೋನು ಬಂತು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. "ಬಾಯಾರ, ಇವತ್ತ ಕೈಯಾಗ ಹಿಡದು ಪೂಜಿ ಮಾಡಿದ್ರು! ಮೂರ ರೊಟ್ಟಿ ತಿಂದ್ರು! ಮ್ಯಾಲ ಇನ್ನೂ ಬದನೀಕಾಯಿ ಪಲ್ಯಾ ಹಾಕು ಅಂತಾರ. ನನಗ ರೊಟ್ಟಿ ಬಡದು ಮುಗಸಾಕ ಆಗವಲ್ತು!" ಹಿಂದೆ ಕಾಕಾನ ದನಿ ಕೇಳಿಸಿತು: "ಪಾಸ್ ಮುಗೀತಂತ ಹೇಳ ಬಾಯಾರ್ಗೆ!"

ಮರುದಿನ ಬಂದಾಗ ಅವರ ಎಡದೋಳಿನ ಮೇಲೂ ವಿಭೂತಿಯ ಗೆರೆ ಇತ್ತು. ಸೂಜಿ ಹಾಕಲು ಒರೆಸಿದೆ. ಅದೇ, ಆ ವಾಸನೆ. "ಅಳಸ್ರಿ, ನಾಳೆ ಮತ್ತ ಹಚಗೋತೀನಿ," ಎಂದು ಅವರು ನಕ್ಕರು. ಆ ಕೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಕೊನೆಯವರೆಗೂ ಬರಲಿಲ್ಲ. ಚಹದ ಕಪ್ಪು ಹಿಡಿಯಲು ಬರಲಿಲ್ಲ. ಅದರ ಬಗ್ಗೆ ಅವರು ಒಂದು ದಿನವೂ ಗೊಣಗಲಿಲ್ಲ.

ಅವತ್ತಿನಿಂದ ನಾನು ಕಾರ್ಡು ಬರೆಯುವ ರೀತಿ ಬದಲಿಸಿದೆ. ಯಾವ ಕೈ ಎನ್ನುವುದಕ್ಕಿಂತ ಮೊದಲು, ಆ ಕೈಯಿಂದ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತೇನೆ. ದುಮ್ಮವಾಡದ ಒಬ್ಬಾಕೆ ಮೊಮ್ಮಗಳಿಗೆ ಹೆರಳು ಹಾಕುತ್ತಿದ್ದೆ ಎಂದಳು. ಯಮನೂರಿನ ಕಡೆಯ ಒಬ್ಬ ಮುದುಕ, ಹೆಂಡತಿಗೆ ಕಣ್ಣು ಕಾಣಿಸುವುದಿಲ್ಲ, ಈ ಕೈಯಿಂದ ಆಕೆಯನ್ನು ಹಿಡಿದು ನಡೆಸುತ್ತಿದ್ದೆ ಎಂದ. ಇಂಥ ಉತ್ತರ ಸಿಕ್ಕಾಗಲೆಲ್ಲ ಕಾಕಾಗೆ ಹೇಳುತ್ತಿದ್ದೆ. "ಹಾಂ, ಈಗ ನೋಡ್ರಿ ಸರಿ ರೂಟಿಗೆ ಬಂದ್ರಿ," ಎನ್ನುತ್ತಿದ್ದರು.

ಆಮೇಲೆ ಐದು ವರ್ಷ ಅವರು ಬದುಕಿದ್ದರು. ದಿನಾ ಪೂಜೆ, ದಿನಾ ಮೂರು ರೊಟ್ಟಿ. ಒಂದು ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ಸುದ್ದಿ ತಿಳಿದು ನಾನು ಕ್ಲಿನಿಕ್ಕು ಮುಚ್ಚಿ ಹೋದೆ. ಮರುದಿನ ಅವರದೇ ಹೊಲದಲ್ಲಿ ಮಣ್ಣು. ಹಳೆಯ ಡ್ರೈವರುಗಳು, ಕಂಡಕ್ಟರುಗಳು, ಮೂವತ್ತು ವರ್ಷದ ಪ್ರಯಾಣಿಕರು, ಊರಿಗೆ ಊರೇ ಸೇರಿತ್ತು. ನಾನು ಬದುವಿನ ಮೇಲೆ ಹೆಣ್ಣುಮಕ್ಕಳ ಜೊತೆ ನಿಂತಿದ್ದೆ. ಕೂಡಿಸಿದ್ದ ಅವರನ್ನು ಕುಣಿಗೆ ಇಳಿಸಿದರು. ಹಿಂದೆ ಮಗ ಇಳಿದ, ಅಯ್ಯನವರು ಇಳಿದರು. ನನಗೆ ಅವರ ತಲೆಗಳಷ್ಟೇ ಕಾಣುತ್ತಿದ್ದವು. ಎಷ್ಟೊತ್ತಾದರೂ ಮೇಲೆ ಬರಲೊಲ್ಲರು. ಸತ್ತ ಮೇಲೆ ಮೈ ಸೆಟೆಯುತ್ತದೆ, ನನಗೆ ಗೊತ್ತು. ಸೊಸೆ ನನ್ನ ಮುಂಗೈಯನ್ನು ನೋಯುವ ಹಾಗೆ ಹಿಡಿದುಕೊಂಡಿದ್ದಳು. ಇಬ್ಬರೂ ಒಂದೇ ಯೋಚನೆ ಮಾಡುತ್ತಿದ್ದೆವು.

ಮಗ ಹತ್ತಿ ಬಂದ. ಮೊಣಕೈತನಕ ಎರೆಮಣ್ಣು. ನಿಂತ ಜನರನ್ನೆಲ್ಲ ದಾಟಿ ನೇರ ನನ್ನ ಹತ್ತಿರ ಬಂದು ನಿಂತ.

"ಕೈ ತೆರದ ಇತ್ರಿ ಬಾಯಾರ," ಎಂದ. "ನಾ ಬರೇ ಇಟ್ಟೆ."

ಮೂರು ವರ್ಷವಾಯಿತು ಇದಕ್ಕೆ. ನನ್ನ ಮುಂದೆ ಬರುವ ಕೈಗಳೆಲ್ಲ ತೆರೆಯುವುದಿಲ್ಲ. ಎಷ್ಟೋ ಜನ ಬಂದ ಹಾಗೇ ಹೋಗುತ್ತಾರೆ, ನನ್ನ ಕಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಅಂಥ ದಿನ ಸಂಜೆ ಬಾಗಿಲು ಹಾಕುವಾಗ, ಯರಗುಪ್ಪಿಯ ಆ ಹೊಲದಲ್ಲಿ ಮಣ್ಣಿನ ಕೆಳಗೆ ಒಂದು ಅಂಗೈ ಬಿಚ್ಚಿಕೊಂಡೇ ಇದೆ ಎಂದು ನೆನೆಸಿಕೊಳ್ಳುತ್ತೇನೆ. ಮರುದಿನ ಬೆಳಿಗ್ಗೆ ಮತ್ತೆ ಬಂದು ಬೀಗ ತೆಗೆಯಲು ಮನಸ್ಸು ಬರುತ್ತದೆ. ಕಾಕಾ ಮಾತ್ರ ಇನ್ನು ಬರುವುದಿಲ್ಲ.